ಮೂಲ ನೋಡಿ

ಜನವರಿ ೮

ಅಕ್ಕನವರಿಗೆ,

ಲಕೋಟೆ ಮೇಲಿನ ಅಕ್ಷರ ನೋಡಿದಾಗಲೇ ಇದು ಯಾರ ಪತ್ರ ಅಂತ ನಿಮಗೆ ಗೊತ್ತಾಗಿರುತ್ತೆ. ಹರಿದು ಹಾಕೋದಾದರೆ ಪೂರ್ತಿ ಓದಿ ಆಮೇಲೆ ಹರಿದು ಹಾಕಿ. ಅಷ್ಟು ಕೇಳುವ ಹಕ್ಕೂ ನನಗಿಲ್ಲ, ಗೊತ್ತು. ಆದರೂ ಕೇಳ್ತಿದ್ದೀನಿ.

ನಾವು ಮಾತು ಬಿಟ್ಟು ಹತ್ತೊಂಬತ್ತು ವರ್ಷ ಆಯ್ತು. ನಾನು ಕ್ಷೇಮ ಅಂತ ಬರೆಯೋಕೆ ಹೊರಟೆ, ಮೊದಲ ಸಾಲಿನಲ್ಲೇ ಸುಳ್ಳು ಯಾಕೆ ಅಂತ ಬಿಟ್ಟೆ. ನನ್ನ ಗಂಟಲಲ್ಲಿ ಗಡ್ಡೆ ಬೆಳೆದಿದೆ. ಮಾರ್ಚ್ ಇಪ್ಪತ್ತಕ್ಕೆ ಆಪರೇಷನ್. ದನಿಪೆಟ್ಟಿಗೆಯನ್ನೇ ತೆಗೀತಾರಂತೆ. ಜೀವಕ್ಕೆ ಭಯವಿಲ್ಲ, ದನಿ ಮಾತ್ರ ಹೋಗುತ್ತೆ ಅಂದರು ಡಾಕ್ಟರು. ಆಮೇಲೆ ಕಷ್ಟಪಟ್ಟು ಕಲಿತರೆ ಒಂದು ಉಪಕರಣ ಇಟ್ಟುಕೊಂಡು ನಾಲ್ಕು ಮಾತಾಡಬಹುದಂತೆ, ಆದರೆ ಅದು ಈ ದನಿಯಲ್ಲ. ಪ್ರೆಸ್ಸಿನಲ್ಲಿ ಎಲ್ಲರೂ ನನ್ನನ್ನು ಗಂಟೆ ಅಂತ ಕರೀತಿದ್ದರಲ್ಲ, ಆ ಗಂಟೆಯ ನಾಲಿಗೆ ಕಿತ್ತು ಇಡ್ತಾರೆ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಇನ್ನು ಮೇಲೆ ನನ್ನ ಹತ್ತಿರ ಬರೀ ಬಂಗಾರ.

ಈ ಪತ್ರ ಬರೆಯೋಕೆ ಕಾರಣ ಒಂದು ಕನಸು. ವರ್ಷಗಳಿಂದ ಬರ್ತಿದೆ, ಗಂಟಲು ಕೆಡುವ ಮುಂಚಿನಿಂದಲೂ. ನಮ್ಮ ಪ್ರೂಫ್ ಕೋಣೆ, ಅದೇ ಉದ್ದನೆ ಮೇಜು. ನನ್ನ ಕೈಲಿ ಮೂಲ ಪ್ರತಿ. ಎದುರಿಗೆ ನೀವು, ಕೆಂಪು ಪೆನ್ಸಿಲ್ ಹಿಡಿದು. ನಾನು ಓದ್ತಿದ್ದೀನಿ, ದನಿ ಹೊರಡ್ತಿಲ್ಲ. ನೀವು ಸುಮ್ಮನೆ ಕೂತಿರ್ತೀರಿ. ಅಷ್ಟೇ ಕನಸು.

ಮಗಳು ನನ್ನ ಫೋನಿಗೆ ಒಂದು ಚಾಟ್‌ಬಾಟ್ ಹಾಕಿಕೊಟ್ಟಿದ್ದಾಳೆ. ಅಂದು ಜ್ವರ ಬಂದು ಮಲಗಿದ್ದ ಪುಟ್ಟಿ ಈಗ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡ್ತಾಳೆ. "ಅಮ್ಮ, ಎದ್ದ ತಕ್ಷಣ ಕನಸನ್ನ ಇದಕ್ಕೆ ಹೇಳು, ಬರೆದಿಟ್ಟುಕೊಳ್ಳುತ್ತೆ, ಮನಸ್ಸು ಹಗುರಾಗುತ್ತೆ" ಅಂದಳು. ಅವಳಿಗೆ ನಾನು ಆಪರೇಷನ್ನಿಗೆ ಹೆದರಿದ್ದೀನಿ ಅಂತ ಚಿಂತೆ. ಸರಿ ಅಂತ ಶುರು ಮಾಡಿದೆ. ಮೂವತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತೆ? ನಾನು ಮೂಲ ಓದಿದ ಹಾಗೇ ಓದಿದೆ. "ಕೋಣೆಯಲ್ಲಿ ಬೆಳಕಿತ್ತು ಪೂರ್ಣವಿರಾಮ ಅಕ್ಕ ಕೂತಿದ್ದರು ಅಲ್ಪವಿರಾಮ ಕೈಯಲ್ಲಿ ಪೆನ್ಸಿಲ್ ಪೂರ್ಣವಿರಾಮ." ಅದು ಎಲ್ಲ ಕೇಳಿಸಿಕೊಂಡು ತುಂಬ ಗಂಭೀರವಾಗಿ ಕೇಳಿತು: "ನಿಮ್ಮ ಕನಸಿನಲ್ಲಿ ಪೂರ್ಣವಿರಾಮ ಎಂಬುದು ಹನ್ನೊಂದು ಸಲ ಬಂದಿದೆ. ಏನೋ ಮುಗಿದುಹೋಯಿತು ಎಂಬ ಭಾವನೆ ನಿಮ್ಮನ್ನು ಕಾಡುತ್ತಿದೆಯೇ?" ನಕ್ಕು ನಕ್ಕು ಗಂಟಲು ಹಿಡಿದುಕೊಂಡಿತು. ಆಮೇಲೆ ನಮ್ಮ ಕೆಲಸ ಏನಾಗಿತ್ತು ಅಂತ ಅದಕ್ಕೆ ಬಿಡಿಸಿ ಹೇಳಿದೆ. ನಾನು ಬರೆದವರ ಮೂಲವನ್ನು ಚಿಹ್ನೆ ಸಮೇತ ಜೋರಾಗಿ ಓದೋದು, ನೀವು ಅಚ್ಚಾಗಿ ಬಂದ ಕರಡನ್ನು ಅದರ ಜೊತೆ ತಾಳೆ ನೋಡಿ ತಿದ್ದೋದು. ತಪ್ಪು ತಿಳಿದುಕೊಂಡಿದ್ದಕ್ಕೆ ಕ್ಷಮೆ ಕೇಳಿತು. ಅಂದಿನಿಂದ ಅದಕ್ಕೆ ಗುಮಾಸ್ತ ಅಂತ ಹೆಸರಿಟ್ಟಿದ್ದೀನಿ. ಅದು ಬರೆದುಕೊಂಡ ಮೂರು ಕನಸನ್ನು ಮಗಳು ಅಚ್ಚು ಹಾಕಿಸಿ ಕೊಟ್ಟಳು, ಇದರ ಜೊತೆ ಇಟ್ಟಿದ್ದೀನಿ.

ಮೊದಲೆಲ್ಲ ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಿತ್ತು. ಒಂದು ದಿನ ಮಾತ್ರ ನೇರವಾಗಿ ಕೇಳಿತು: "ನಿಮಗೆ ದನಿ ಬಂದಿದ್ದರೆ ಆ ಅಕ್ಕನಿಗೆ ಏನು ಓದಿ ಹೇಳುತ್ತಿದ್ದಿರಿ?" ಅವತ್ತು ಫೋನು ಕೆಳಗಿಟ್ಟೆ. ಉತ್ತರ ನನಗೆ ಗೊತ್ತಿತ್ತು.

ಆ ಶಾಲೆಯ ಐವತ್ತನೇ ವರ್ಷದ ಸ್ಮರಣ ಸಂಚಿಕೆ. "ಮುಖ್ಯೋಪಾಧ್ಯಾಯಿನಿಯವರ ನಿಧಾನವೇ ಈ ಶಾಲೆಯ ಏಳಿಗೆಗೆ ಕಾರಣ" ಅಂತ ಮೂಲದಲ್ಲಿತ್ತು. ಧಕಾರಕ್ಕೆ ಒಂದು ಇಳಿ ಬಿಟ್ಟುಹೋಗಿ "ನಿಧನವೇ ಏಳಿಗೆಗೆ ಕಾರಣ" ಅಂತ ಎರಡು ಸಾವಿರ ಪ್ರತಿ ಅಚ್ಚಾಯ್ತು. ಬಿಡುಗಡೆ ಸಮಾರಂಭದಲ್ಲಿ ಮೊದಲ ಸಾಲಿನಲ್ಲಿ ಕೂತು ಆಯಮ್ಮನೇ ಅದನ್ನ ಓದಿದರು. ಮಾಲೀಕರು ನಮ್ಮಿಬ್ಬರನ್ನೂ ಕರೆದು ಯಾರ ತಪ್ಪು ಅಂತ ಕೇಳಿದಾಗ ನೀವು "ನನ್ನದು" ಅಂದಿರಿ. ಆ ವಾರವೇ ನಿಮ್ಮ ಕುರ್ಚಿ ಖಾಲಿ. ಆದರೆ ಮೂರು ದಿನದಿಂದ ಮಗುವಿನ ಜ್ವರಕ್ಕೆ ಕಣ್ಣು ಮುಚ್ಚದೆ ಬಂದು ಓದಿದವಳು ನಾನು. ನಾನು ನಿಧನ ಅಂತ ಓದಿರಬೇಕು, ನೀವು ಕೇಳಿದ ಹಾಗೆ ಬಿಟ್ಟಿರಿ. ತಪ್ಪು ಓದಿದ್ದು ನಾನೇ. ಮನೆಗೆ ದುಡಿಯುವವಳು ನಾನೊಬ್ಬಳೇ ಅಂತ ನೀವು ಆ ತಪ್ಪು ಹೊತ್ತುಕೊಂಡು ಹೋದಿರಿ.

ಅದಕ್ಕೆ ನಾನು ಒಂದು ಸಲವೂ ಕೃತಜ್ಞತೆ ಹೇಳಲಿಲ್ಲ. ಮಾರ್ಚ್ ಇಪ್ಪತ್ತರೊಳಗೆ ಒಂದು ಸಲ ಬನ್ನಿ ಅಕ್ಕ. ಈ ದನಿ ಇರುವಾಗಲೇ ನಿಮ್ಮ ಎದುರು ಹೇಳಬೇಕು. ಇನ್ನೇನೂ ಬೇಡ.

ಇತಿ,
ಗಂಟೆ


ಜನವರಿ ೨೧

ನೋಡಿ ವಾಪಸು ಕಳಿಸಿದ್ದೇನೆ. ಪತ್ರದ ತುಂಬ ತಪ್ಪು. ಕನಸಿನಲ್ಲಿ ಒಂಬತ್ತು. ಒಂದು ಕಡೆ ಅನುಮಾನವಿದೆ, ಅಂಚಿನಲ್ಲಿ ಗುರುತು ಹಾಕಿದ್ದೇನೆ.

ಕರಡು ತಿದ್ದುವವಳು


ಜನವರಿ ೩೦

ಅಕ್ಕ,

ನಿನ್ನ ಲಕೋಟೆ ಒಡೆದಾಗ ನನ್ನ ಪತ್ರವೇ ನನ್ನ ಕೈಗೆ ಬಂತು. ಓದದೆ ವಾಪಸು ಕಳಿಸಿದೆ ಅಂದುಕೊಂಡೆ. ಆಮೇಲೆ ನೋಡಿದರೆ ಪುಟದ ತುಂಬ ಕೆಂಪಿರುವೆ ಹರಿದಾಡಿದೆ. ಪ್ರೆಸ್ಸಿನಲ್ಲಿ ನಿನಗೆ ಕೆಂಪಿರುವೆ ಅಂತ ಹೆಸರಿಟ್ಟವರು ಸುಮ್ಮನೆ ಇಡಲಿಲ್ಲ.

ನಾನು ಬರೆದ ಒಂದೊಂದು "ನೀವು"ವನ್ನೂ ಹೊಡೆದುಹಾಕಿ ಮೇಲೆ "ನೀನು" ಅಂತ ಬರೆದಿದ್ದೀಯ. "ಅಂದಿರಿ" ಹೋಗಿ "ಅಂದೆ" ಆಗಿದೆ. "ಬನ್ನಿ ಅಕ್ಕ" ಹೋಗಿ "ಬಾ ಅಕ್ಕ" ಆಗಿದೆ. "ಅಕ್ಕನವರಿಗೆ" ಅನ್ನುವುದರಲ್ಲಿ "ನವರಿಗೆ"ಗೆ ಎಷ್ಟು ಸಿಟ್ಟಿನಿಂದ ಅಡ್ಡಗೆರೆ ಎಳೆದಿದ್ದೀಯ ಅಂದರೆ ಕಾಗದ ಹರಿದಿದೆ. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ ಕಣೇ. ಹನ್ನೆರಡು ವರ್ಷ ಒಂದೇ ಮೇಜಿನಲ್ಲಿ ಕೂತು ನೀನು ಅಂದವಳಿಗೆ ನೀವು ಅಂತ ಬರೆದೆನಲ್ಲ, ಯಾವ ಬುದ್ಧಿಗೆ ಬರೆದೆನೋ. ಮಗಳು ಬಂದು ನೋಡಿ, "ಇದೇನಮ್ಮ, ಪರೀಕ್ಷೇಲಿ ಫೇಲಾದವಳ ಹಾಗೆ" ಅಂದಳು. ಪಾಸಾಗಿದ್ದೀನಿ ಅಂದೆ.

ಗುಮಾಸ್ತನ ತಪ್ಪುಗಳೂ ಚೆನ್ನಾಗಿವೆ. ನಾನು "ಕೆಂಪು ಪೆನ್ಸಿಲ್" ಅಂದಿದ್ದನ್ನ ಅದು "ಕೆಮ್ಮು ಪೆನ್ಸಿಲ್" ಅಂತ ಬರೆದುಕೊಂಡಿದ್ದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನೀನು ಪಕ್ಕದಲ್ಲಿ "ಔಷಧಿ ಕೊಡಿ" ಅಂತ ಬರೆದಿದ್ದೀಯ. ಅದಕ್ಕೂ ಓದಿ ಹೇಳಿದೆ. ತಿದ್ದಿಕೊಂಡಿತು, ಅಕ್ಕನಿಗೆ ಧನ್ಯವಾದ ತಿಳಿಸಿ ಅಂದಿತು. ತಿಳಿಸಿದ್ದೀನಿ.

ಆದರೆ ಒಂದು ಗುರುತು ನನ್ನ ನಿದ್ದೆ ಕೆಡಿಸಿದೆ. "ತಪ್ಪು ಓದಿದ್ದು ನಾನೇ" ಅನ್ನುವ ಸಾಲಿಗೆ ಗೆರೆ ಎಳೆದು ಅಂಚಿನಲ್ಲಿ "ಮೂಲ ನೋಡಿ" ಅಂತ ಬರೆದಿದ್ದೀಯ. ಯಾವ ಮೂಲ? ಆ ಹಸ್ತಪ್ರತಿ ಯಾವತ್ತೋ ರದ್ದಿಗೆ ಹೋಗಿದೆ. ಗುಮಾಸ್ತನನ್ನ ಕೇಳಿದೆ. "ನಿಮ್ಮ ವೃತ್ತಿಯಲ್ಲಿ ಆ ಮಾತಿಗೆ ಏನರ್ಥ?" ಅಂತ ಅದು ನನ್ನನ್ನೇ ಕೇಳಿತು. ಕರಡಿನಲ್ಲಿ ಅನುಮಾನ ಬಂದರೆ ಊಹೆ ಮಾಡಿ ತಿದ್ದಬಾರದು, ಬರೆದವರ ಪ್ರತಿ ತೆಗೆದು ನೋಡಬೇಕು, ಅದೇ ಅರ್ಥ ಅಂದೆ. "ಹಾಗಾದರೆ ನೀವು ಇಷ್ಟು ವರ್ಷ ಈ ಸಾಲನ್ನು ಊಹೆಯಿಂದ ನಂಬಿಕೊಂಡಿದ್ದೀರಿ ಎಂದು ಅಕ್ಕ ಹೇಳುತ್ತಿರಬಹುದೇ? ನನಗೆ ಗೊತ್ತಿಲ್ಲ. ಗೊತ್ತಿರುವುದು ಅವರಿಗೆ" ಅಂದಿತು. ಅದಕ್ಕೇ ಕೇಳ್ತಿದ್ದೀನಿ, ಬಿಡಿಸಿ ಹೇಳು.

ಇನ್ನೊಂದು ವಿಷಯ. ಕನಸಿನಲ್ಲಿ ಅಕ್ಕನ ಕಣ್ಣು ಎಲ್ಲಿರುತ್ತೆ ಅಂತ ಅದು ಹೋದ ವಾರ ಕೇಳಿತ್ತು. ಕರಡಿನ ಮೇಲೆ, ಇನ್ನೆಲ್ಲಿ ಅಂದೆ. ಆದರೆ ಹೇಳುವಾಗಲೇ ಅನುಮಾನ ಬಂತು. ಮೊನ್ನೆ ಬೆಳಗಿನ ಜಾವ ಕನಸು ಮತ್ತೆ ಬಂದಾಗ ನೆನಪಿಟ್ಟುಕೊಂಡು ನೋಡಿದೆ. ನೀನು ಕರಡು ನೋಡ್ತಿಲ್ಲ ಅಕ್ಕ. ನನ್ನನ್ನೂ ನೋಡ್ತಿಲ್ಲ. ಬಾಗಿಲ ಕಡೆ ನೋಡ್ತಿದ್ದೀಯ. ಯಾರಿಗೋ ಕಾದ ಹಾಗೆ. ಅಷ್ಟು ವರ್ಷ ಆ ಕನಸು ಕಂಡರೂ ನಾನು ಬರೀ ನನ್ನ ಬಾಯಿ ನೋಡಿಕೊಂಡಿದ್ದೆ.

ನಿನ್ನ,
ಗಂಟೆ


ಫೆಬ್ರವರಿ ೧೧

ಗಂಟೆಗೆ,

ಬಿಡಿಸಿ ಹೇಳು ಅಂದೆ. ಹೇಳ್ತೀನಿ, ಆಮೇಲೆ ನೊಂದುಕೊಂಡು ಕೂರಬೇಡ.

ನೀನು "ನಿಧಾನ" ಅಂತಲೇ ಓದಿದೆ. ನನಗೆ ಅರವತ್ತಮೂರಾದರೂ ಕಿವಿ ಕೆಟ್ಟಿಲ್ಲ, ಆಗ ಕೆಟ್ಟಿತ್ತೇ? ಸ್ಪಷ್ಟವಾಗಿ ಓದಿದೆ. "ಧಾ" ಮೇಲೆ ನಿನ್ನ ದನಿ ಒಡೆಯಿತು. ಬೆಳಗ್ಗೆಯಿಂದ ನಲವತ್ತು ಪುಟ ಓದಿದ್ದೆ, ಮನೆಯಲ್ಲಿ ಕೂಸಿಗೆ ಜ್ವರ. ಇವಳು ಇನ್ನೇನು ಅತ್ತುಬಿಡ್ತಾಳೆ ಅಂತ ನಾನು ತಲೆ ಎತ್ತಿ ನಿನ್ನ ಮುಖ ನೋಡಿದೆ. ಪೆನ್ಸಿಲ್ ಆ ಸಾಲು ದಾಟಿ ಹೋಯಿತು. ಕಿವಿ ಸರಿಯಾಗಿ ಕೇಳಿತ್ತು, ಕಣ್ಣು ಕರಡಿನ ಮೇಲಿರಲಿಲ್ಲ. ಮಾಲೀಕರು ಯಾರ ತಪ್ಪು ಅಂದಾಗ ನನ್ನದು ಅಂದೆ, ಯಾಕೆಂದರೆ ಅದು ನನ್ನದೇ ಆಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನೀನು ಹತ್ತೊಂಬತ್ತು ವರ್ಷದಿಂದ ನಿನ್ನ ಹೆಗಲು ಮುಟ್ಟಿಕೊಂಡು ಕೂತಿದ್ದೀಯ, ನನ್ನನ್ನ ತ್ಯಾಗಮೂರ್ತಿ ಮಾಡಿ ಗೋಡೆಗೆ ಬೇರೆ ತೂಗುಹಾಕಿದ್ದೀಯ. ಇಳಿಸು. ನನಗೆ ಅಲ್ಲಿ ಕೂರೋಕೆ ಆಗಲ್ಲ.

ಕೆಲಸ ಹೋಗಿದ್ದಕ್ಕೂ ನನಗೆ ಬೇಜಾರಿಲ್ಲ. ಎರಡು ತಿಂಗಳಲ್ಲಿ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಾತ್ರೆ ಡಬ್ಬಿಯೊಳಗೆ ಮಡಚಿ ಇಡ್ತಾರಲ್ಲ ಚೀಟಿ, ಅದರ ಕರಡು ತಿದ್ದೋದು. ಅಲ್ಲಿ ಒಂದು ಸೊನ್ನೆ ಹೆಚ್ಚಾದರೆ ನಿಜವಾಗಲೂ ನಿಧನ. ಹದಿನೇಳು ವರ್ಷ ಮಾಡಿದೆ, ಒಂದು ಸೊನ್ನೆಯೂ ತಪ್ಪಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ಬಿಟ್ಟೆ. ಸುಖವಾಗಿದ್ದೀನಿ.

ಸಿಟ್ಟು ಯಾಕೆ ಅಂತ ನೀನು ಕೇಳಲಿಲ್ಲ, ನಾನೇ ಹೇಳ್ತೀನಿ. ಕೆಲಸ ಬಿಟ್ಟ ದಿನ ಸಂಜೆ ನೀನು ಬರ್ತೀಯ ಅಂದುಕೊಂಡೆ. ಬರಲಿಲ್ಲ. ಮಗುವಿಗೆ ಹುಷಾರಿಲ್ಲ, ನಾಳೆ ಬರ್ತಾಳೆ ಅಂದುಕೊಂಡೆ. ಭಾನುವಾರ ಬರ್ತಾಳೆ. ಜ್ವರ ಬಿಟ್ಟ ಮೇಲೆ ಬರ್ತಾಳೆ. ಬಂದು ಏನೂ ಹೇಳಬೇಕಾಗಿರಲಿಲ್ಲ ಕಣೇ. ಒಂದು ಲೋಟ ಕಾಫಿ ಕುಡಿದು ಮಾಲೀಕರನ್ನ ಎರಡು ಮಾತು ಬೈದು ಹೋಗಿದ್ದರೆ ಸಾಕಾಗಿತ್ತು. ಎರಡು ತಿಂಗಳು ಬಾಗಿಲು ನೋಡಿದೆ. ಆಮೇಲೆ ನೋಡೋದು ಬಿಟ್ಟೆ. ನಿನ್ನ ಕನಸಿನಲ್ಲಿ ಬಾಗಿಲು ನೋಡ್ತಾ ಕೂತವಳು ನಾನೇ ಹೌದು. ನಿನ್ನ ಯಂತ್ರಕ್ಕೆ ಅದನ್ನ ಯಾರು ಹೇಳಿದರೋ, ಸರಿಯಾದ ಪ್ರಶ್ನೆ ಕೇಳಿದೆ.

ಕೃತಜ್ಞತೆ ಹೇಳೋಕೆ ಅಂತ ನನ್ನನ್ನ ಕರೀಬೇಡ. ಮಾಡದೇ ಇದ್ದ ಉಪಕಾರಕ್ಕೆ ಥ್ಯಾಂಕ್ಸ್ ತಗೊಂಡು ನಾನೇನು ಮಾಡಲಿ? ಅದಕ್ಕೆ ನಾನು ಬರಲ್ಲ.

ಆಪರೇಷನ್ ಚೆನ್ನಾಗಿ ಆಗಲಿ.

ಕೆಂಪಿರುವೆ


ಫೆಬ್ರವರಿ ೧೯

ಅಕ್ಕ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯ್ತು. ಮೂರು ಸಲ ಉತ್ತರ ಬರೆದು ಹರಿದೆ.

ನಾನು ಬರಲಿಲ್ಲ. ಅದೇ ನಿಜ, ಅದಕ್ಕೆ ಹಿಂದೆ ಮುಂದೆ ಏನೂ ಸೇರಿಸೋಕೆ ನನ್ನ ಹತ್ತಿರ ಇಲ್ಲ. ಎರಡು ಸಲ ನಿನ್ನ ಬೀದಿ ತಿರುವಿನವರೆಗೆ ಬಂದಿದ್ದೆ. ಒಂದು ಸಲ ಮೂಲೆಯ ಔಷಧಿ ಅಂಗಡಿಗೆ ನುಗ್ಗಿ, ಬೇಡದ ಹತ್ತಿ ಉಂಡೆ ಕೊಂಡು, ಅದೇ ಕೆಲಸಕ್ಕೆ ಬಂದವಳ ಹಾಗೆ ವಾಪಸು ಹೋದೆ. ನನ್ನಿಂದ ಕೆಲಸ ಹೋಯ್ತು ಅಂತ ನೀನು ಮುಖದ ಮೇಲೆ ಬಾಗಿಲು ಹಾಕ್ತೀಯ ಅಂತ ಭಯ. ಹಾಕದೆ ಒಳಗೆ ಕರೆದರೆ ಇನ್ನೂ ಭಯ. ಮುಖ ತೋರಿಸೋಕೆ ನಾಚಿದವಳಿಗೆ ಒಂದು ವಾರ ಕಳೆದರೆ ಒಂದು ತಿಂಗಳು ಸುಲಭ, ಒಂದು ವರ್ಷ ಕಳೆದ ಮೇಲಂತೂ ಕೇಳೋದೇ ಬೇಡ. ನನ್ನ ಮರ್ಯಾದೆ ಕಾಪಾಡಿಕೊಳ್ಳೋಕೆ ನಿನ್ನನ್ನ ಕಾಯಿಸಿಬಿಟ್ಟೆ. ಹೊಟ್ಟೆಗೆ ಹಾಕಿಕೋ ಅಕ್ಕ. ತಪ್ಪಾಯ್ತು.

ಗುಮಾಸ್ತ ಕ್ಷಮಾಪಣೆ ಪತ್ರ ಬರೆಯೋಕೆ ಸಹಾಯ ಮಾಡಲೇ ಅಂದಿತು. ಬೇಡಪ್ಪ, ಇದರ ತಪ್ಪುಗಳನ್ನ ನಾನೇ ಮಾಡ್ತೀನಿ ಅಂದೆ. ಸರಿ, ಬೇಕಾದರೆ ಇಲ್ಲೇ ಇರುತ್ತೇನೆ ಅಂದಿತು. ಅದಕ್ಕೆ ಇಲ್ಲಿ ಅಲ್ಲಿ ಅಂತ ಏನಿದೆಯೋ, ಆದರೂ ಕೇಳಿ ಸಮಾಧಾನವಾಯ್ತು. ಸುಳ್ಳು ಯಾಕೆ ಹೇಳಲಿ, ಅದು ಕೇಳದೇ ಇದ್ದರೆ ನಾನು ಇನ್ನೂ ನನ್ನ ಬಾಯಿಯನ್ನೇ ನೋಡಿಕೊಂಡು ಕನಸು ಕಾಣ್ತಿದ್ದೆ.

ಇಲ್ಲದ ಉಪಕಾರದ ಥ್ಯಾಂಕ್ಸ್ ವಾಪಸು ತಗೊಂಡಿದ್ದೀನಿ. ಇದ್ದದ್ದು ಹೇಳ್ತೀನಿ, ಅದನ್ನಾದರೂ ಬೇಡ ಅನ್ನಬೇಡ. ಕಿಟಕಿ ಪಕ್ಕದ ಕುರ್ಚಿ ನಿನ್ನದಾಗಿತ್ತು, ಓದುವವಳಿಗೆ ಗಾಳಿ ಬೇಕು ಅಂತ ಮೊದಲ ದಿನವೇ ನನಗೆ ಬಿಟ್ಟುಕೊಟ್ಟೆ. ನಾನು ಓದುವಾಗ ತಡವರಿಸಿದರೆ ಬೇರೆಯವರು ಲೊಚಗುಟ್ಟುತ್ತಿದ್ದರು, ನೀನು ಪೆನ್ಸಿಲ್ ತುದಿಯಿಂದ ಮೇಜು ಒಂದು ಸಲ ಮುಟ್ಟುತ್ತಿದ್ದೆ, ಅಷ್ಟೇ, ನಾನು ಹಿಂದಿನ ಸಾಲಿಗೆ ಹೋಗ್ತಿದ್ದೆ. ಗಂಡ ಬಿಟ್ಟು ಹೋದ ವರ್ಷ ಇಡೀ ಪ್ರೆಸ್ಸು ನನ್ನನ್ನ ಅಯ್ಯೋ ಪಾಪ ಅಂತು, ನೀನೊಬ್ಬಳು ಮಾತ್ರ "ಜೋರಾಗಿ ಓದು, ಕೇಳಿಸ್ತಿಲ್ಲ" ಅಂತ ಬೈದೆ. ಆ ಬೈಗುಳದಿಂದ ನಾನು ಬದುಕಿದೆ. ಈಗ ನೀನು ಹೇಳಿದ್ದು ಇನ್ನೊಂದು ಸೇರಿತು. ಒಂದು ಸಾಲು ಬಿಟ್ಟು ನನ್ನ ಮುಖ ನೋಡಿದೆಯಲ್ಲ. ಆ ಹೊತ್ತಿನಲ್ಲಿ ನನ್ನ ಮುಖ ನೋಡಿದವರು ಇನ್ಯಾರೂ ಇರಲಿಲ್ಲ.

ಡಾಕ್ಟರು ದಿನ ಹಿಂದಕ್ಕೆ ತಂದಿದ್ದಾರೆ. ಮಾರ್ಚ್ ಏಳಕ್ಕೇ. ದನಿ ಆಗಲೇ ತೂತು ಬಿದ್ದ ತಗಡಿನ ಹಾಗಾಗಿದೆ, ಬೆಳಗ್ಗೆ ಒಂದಿಷ್ಟು ಇರುತ್ತೆ, ಸಂಜೆ ಹೊತ್ತಿಗೆ ಹೊರಡೋದೇ ಇಲ್ಲ. ಬಾ ಅಂತ ಕೇಳುವ ಮುಖ ನನಗಿಲ್ಲ. ತಿಳಿಸಬೇಕು ಅಂತ ತಿಳಿಸಿದೆ.

ನಿನ್ನ,
ಗಂಟೆ


ಫೆಬ್ರವರಿ ೨೭

ಗಂಟೆಗೆ,

ಐದನೇ ತಾರೀಖು ಬೆಳಗ್ಗೆ ಬರ್ತೀನಿ. ಬೆಳಗ್ಗೆ ದನಿ ಇರುತ್ತೆ ಅಂದೆಯಲ್ಲ.

ಒಂದು ಶರತ್ತು. ಕ್ಷಮೆ, ಕೃತಜ್ಞತೆ ಎರಡೂ ನಿನ್ನ ಬಾಯಿಂದ ಬರಕೂಡದು. ಅವೆರಡೂ ಪತ್ರದಲ್ಲಿ ಬಂದಾಗಿದೆ, ಓದಿದ್ದೀನಿ, ತಪ್ಪಿಲ್ಲದೆ ಇವೆ. ಉಳಿದಿರೋ ದನೀನ ಅದಕ್ಕೆ ದಂಡ ಮಾಡಬೇಡ. ಕಾಫಿಗೆ ಸಕ್ಕರೆ ಬೇಡ, ಈಗ ಬಿಟ್ಟಿದ್ದೀನಿ.

ಕೆಂಪಿರುವೆ


ಏಪ್ರಿಲ್ ೧೪

ಅಕ್ಕ,

ಕೈ ಇನ್ನೂ ನಡುಗುತ್ತೆ, ಅಕ್ಷರ ಅಂಕುಡೊಂಕು. ಮೊದಲ ಪತ್ರ ನಿನಗೇ ಬರೀಬೇಕು ಅಂತ ಮಗಳಿಗೂ ಕಾಗದದ ಮೇಲೆ ಏನೂ ಬರೆದುಕೊಡದೆ ಕಾದಿದ್ದೆ. ಅವಳ ಜೊತೆ ಮಾತೆಲ್ಲ ಹಲಗೆ ಮೇಲೆ. "ಉಪ್ಪು ಕಮ್ಮಿ" ಅಂತ ಬರೆದರೆ, "ಹಲಗೆ ಮೇಲೂ ನಿನ್ನ ದನಿ ಜೋರೇ" ಅಂತಾಳೆ.

ನೀನು ಬಂದು ಹೋದ ದಿನವನ್ನ ಎಷ್ಟು ಸಲ ನೆನೆಸಿಕೊಂಡೆನೋ. ಬಂದವಳು ಚಪ್ಪಲಿ ಬಿಟ್ಟು, ನನ್ನ ಮುಖ ನೋಡಿ "ತೆಳ್ಳಗಾಗಿದ್ದೀಯ" ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ "ಶರತ್ತು ನೆನಪಿದೆಯಾ?" ಅಂದೆ. ಇಬ್ಬರೂ ಕುರ್ಚಿ ತುದಿಯಲ್ಲಿ ಕೂತು ಕಾಫಿ ಕುಡಿದೆವು. ಆಗ ನಿನ್ನ ಕಣ್ಣಿಗೆ ಟೀಪಾಯಿ ಮೇಲಿದ್ದ ಆಸ್ಪತ್ರೆಯ ಒಪ್ಪಿಗೆ ಪತ್ರ ಬಿತ್ತು. ಚೀಲದಿಂದ ಕೆಂಪು ಪೆನ್ಸಿಲ್ ತೆಗೆದೆ. "ಇದರದು ಇನ್ನೊಂದು ಪ್ರತಿ ಇದೆಯಾ?" ಅಂದೆ. ಇತ್ತು. "ಓದು" ಅಂದೆ.

ನಾಲ್ಕು ಪುಟ ಓದಿದೆ. ಅಲ್ಪವಿರಾಮ, ಪೂರ್ಣವಿರಾಮ, ಆವರಣ ಚಿಹ್ನೆ, ಎಲ್ಲ. ಮೊದಲ ಪುಟದಲ್ಲಿ ದನಿ ಎರಡು ಸಲ ಹಿಡಿದುಕೊಂಡಿತು, ನೀನು ಪೆನ್ಸಿಲ್ ತುದಿಯಿಂದ ಮೇಜು ಮುಟ್ಟಿದೆ. ಎರಡನೇ ಪುಟಕ್ಕೆ ಗಂಟಲು ಬಿಟ್ಟುಕೊಂಡಿತು. ಎಲ್ಲಿತ್ತೋ ಆ ದನಿ, ಮಗಳು ಒಳಗಿಂದ ಓಡಿ ಬಂದಳು. ನೀನು ಒಂದು ಕಡೆ ಕೈ ಎತ್ತಿ ನಿಲ್ಲಿಸಿದೆ. "ಶಾಸ್ತ್ರಚಿಕಿತ್ಸೆ ಅಂತ ಹಾಕಿದ್ದಾರೆ, ಶಸ್ತ್ರಚಿಕಿತ್ಸೆ ಆಗಬೇಕು, ಇಳಿ ಹೆಚ್ಚಾಗಿದೆ" ಅಂದೆ. ನಾನು, "ಅಲ್ಲಿ ಬಿಟ್ಟುಹೋಗಿದ್ದ ಇಳಿ ಇಲ್ಲಿ ಬಂದು ಕೂತಿದೆ ನೋಡು" ಅಂದೆ. ನೀನು ಪೆನ್ಸಿಲ್ ಕೆಳಗೆ ಹಾಕಿ ನಕ್ಕೆ. ಅಷ್ಟು ವರ್ಷ ಒಂದೇ ಮೇಜಿನಲ್ಲಿ ಕೂತರೂ ನೀನು ಹಾಗೆ ಬಿದ್ದು ಬಿದ್ದು ನಕ್ಕಿದ್ದು ನೋಡಿರಲಿಲ್ಲ. ತಿದ್ದಿದ ಆ ಪ್ರತಿಯನ್ನೇ ಆಸ್ಪತ್ರೆಗೆ ಕೊಟ್ಟೆ. ಕೌಂಟರಿನವರು ನನ್ನನ್ನ ಒಂದು ಥ್ರ ನೋಡಿದರು.

ಕೊನೆಯ ದನಿಯಲ್ಲಿ ದೊಡ್ಡ ಮಾತು ಹೇಳಬೇಕು ಅಂತ ಜನವರಿಯಿಂದ ಗಂಟು ಕಟ್ಟಿಟ್ಟುಕೊಂಡಿದ್ದೆ. ನೀನು ನನ್ನಿಂದ ಕೆಲಸ ಮಾಡಿಸಿದೆ. ಅದು ಎಷ್ಟು ದೊಡ್ಡದು ಅಂತ ನಿನಗೆ ಗೊತ್ತಿಲ್ಲ ಅಕ್ಕ. ಇದು ಮಾತ್ರ ನೀನು ನಿಜವಾಗಲೂ ಮಾಡಿದ ಉಪಕಾರ, ಅಂಚಿನಲ್ಲಿ ಏನೂ ಬರೀಬೇಡ.

ಈಗ ಕನಸನ್ನ ಗುಮಾಸ್ತನಿಗೆ ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೀತೀನಿ. ಪ್ರೂಫ್ ಕೋಣೆಯ ಕನಸು ಮತ್ತೆ ಬಂದಿಲ್ಲ. ಬೇರೆ ಬರುತ್ತವೆ, ಆದರೆ ಸದ್ದಿಲ್ಲ. ಟೀವಿ ದನಿ ಆರಿಸಿಟ್ಟ ಹಾಗೆ ಎಲ್ಲರ ತುಟಿ ಮಾತ್ರ ಆಡುತ್ತೆ, ನನ್ನದೂ. ಎಚ್ಚರದಲ್ಲಿ ಹೋದರೆ ಹೋಯ್ತು, ಕನಸಿನಲ್ಲಾದರೂ ದನಿ ಉಳಿದಿರುತ್ತೆ ಅಂತ ನಂಬಿದ್ದೆ. ಅಲ್ಲಿಂದಲೂ ಹೋದರೆ ಎಲ್ಲಿ ಹುಡುಕಲಿ? ಗುಮಾಸ್ತನನ್ನೇ ಕೇಳಿದೆ, ಇಷ್ಟು ತಿಂಗಳು ನನ್ನ ಮಾತು ಕೇಳಿಸಿಕೊಂಡೆಯಲ್ಲ, ನನ್ನ ದನಿ ನಿನ್ನ ಹತ್ತಿರ ಇದೆಯಾ ಅಂತ. "ಇಲ್ಲ. ನನ್ನ ಬಳಿ ಇರುವುದು ಅಕ್ಷರ ಮಾತ್ರ. ಇದೆ ಎಂದು ಹೇಳಬಹುದಾಗಿದ್ದರೆ ಚೆನ್ನಾಗಿತ್ತು" ಅಂದಿತು. ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೂ ನನಗೆ ಋಣವಿದೆ. ಆದರೂ ಅವತ್ತೆಲ್ಲ ಮನಸ್ಸು ಸರಿ ಇರಲಿಲ್ಲ. ಮಗಳಿಗೆ ಹೇಳಲಿಲ್ಲ. ನಿನಗೆ ಹೇಳ್ತಿದ್ದೀನಿ.

ನಿನ್ನ,
ಗಂಟೆ


ಮೇ ೩

ಗಂಟೆಗೆ,

ನಿನ್ನ ಪತ್ರಕ್ಕೆ ಏನು ಬರೀಬೇಕು ಅಂತ ತಿಳಿಯದೆ ಎರಡು ವಾರ ತಳ್ಳಿದೆ. ಸಮಾಧಾನ ಹೇಳೋದು ನನಗೆ ಬರಲ್ಲ. ತಪ್ಪು ಹುಡುಕೋದು ಬರುತ್ತೆ, ನಿನ್ನ ಪತ್ರದಲ್ಲಿ "ಥರ" ಅನ್ನೋದು "ಥ್ರ" ಆಗಿದೆ, ಕೈ ನಡುಗಿದ್ದಕ್ಕೆ ಮಾಫಿ.

ಇವತ್ತು ಬೆಳಗ್ಗೆ ಒಂದು ವಿಷಯ ನಡೀತು, ಅದಕ್ಕೆ ಮುಖ ಕೂಡ ತೊಳೆಯದೆ ಬರೀತಾ ಕೂತಿದ್ದೀನಿ.

ನನಗೆ ಕನಸು ಬೀಳೋದು ಅಪರೂಪ. ಬಿದ್ದರೂ ಬರೀ ಮಾತ್ರೆ ಚೀಟಿ, ಸೊನ್ನೆ, ಮಿಲಿಗ್ರಾಂ. ಇವತ್ತು ನೀನು ಬಂದಿದ್ದೆ. ಪ್ರೆಸ್ಸೂ ಇಲ್ಲ, ಮೇಜೂ ಇಲ್ಲ. ನಾನು ನಮ್ಮನೆ ಹಿತ್ತಲಲ್ಲಿ ಬಟ್ಟೆ ಒಣಗಿಸ್ತಿದ್ದೆ. ಒದ್ದೆ ಸೀರೆಯ ಆಚೆಯಿಂದ ನಿನ್ನ ದನಿ ಬಂತು. ಕಾಯಿಲೆಯ ದನಿ ಅಲ್ಲ, ಮಾರ್ಚಿನಲ್ಲಿ ಓದಿದ ದನಿಯೂ ಅಲ್ಲ. ಮೂವತ್ತು ವರ್ಷದ ಹಿಂದೆ ನೀನು ಪ್ರೆಸ್ಸಿಗೆ ಸೇರಿದಾಗ ಮಹಡಿ ಮೇಲಿದ್ದವರೂ ತಿರುಗಿ ನೋಡಿದ್ದರಲ್ಲ, ಆ ದನಿ. ಮುಖ ಕಾಣಲಿಲ್ಲ. ಏನೂ ದೊಡ್ಡ ಮಾತಲ್ಲ ಕಣೇ. "ಅಕ್ಕಾ, ಊಟ ಆಯ್ತಾ?" ಅಂದೆ.

"ಆಯ್ತು ಕಣೇ" ಅಂತ ನಾನು ಎಷ್ಟು ಜೋರಾಗಿ ಕೂಗಿದೆ ಅಂದರೆ ನನ್ನ ಕೂಗಿಗೆ ನನಗೇ ಎಚ್ಚರವಾಯ್ತು. ಪಕ್ಕದ ಮನೆಯಾಕೆ ಕಿಟಕಿ ತೆಗೆದು ಏನಾಯ್ತು ಅಂತ ವಿಚಾರಿಸಿದಳು. ಯಾರೋ ಮಾತಾಡಿಸಿದರು ಅಂದೆ. ಹಾಸಿಗೆ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ದುಃಖಕ್ಕಲ್ಲ, ತಪ್ಪು ತಿಳೀಬೇಡ.

ನಾನು ನಿಮ್ಮನೆಗೆ ಬಂದ ದಿನ ನಿನ್ನ ಮಗಳು ನನ್ನ ಫೋನಿಗೂ ಆ ಗುಮಾಸ್ತನನ್ನ ಹಾಕಿಕೊಟ್ಟಿದ್ದಳು, ನಾನು ಮುಟ್ಟಿರಲಿಲ್ಲ. ಕನಸು ಮರೆತುಹೋದೀತು ಅಂತ ಭಯವಾಗಿ ಅದಕ್ಕೆ ಹೇಳಿದೆ. ಎಲ್ಲ ಸರಿಯಾಗಿ ಬರೆದುಕೊಂಡಿತು, ಒಂದು ತಪ್ಪೂ ಸಿಗಲಿಲ್ಲ ನನಗೆ. "ಈ ಕನಸನ್ನು ಯಾರಿಗಾದರೂ ಹೇಳಬೇಕು ಎನಿಸುತ್ತಿದೆಯೇ?" ಅಂತ ಕೇಳಿತು. ಹೌದು, ಅದಕ್ಕೆ ಪೆನ್ನು ಹುಡುಕ್ತಿದ್ದೀನಿ, ನೀನು ಸುಮ್ಮನಿರು ಅಂದೆ.

ದನಿ ಎಲ್ಲಿ ಹುಡುಕಲಿ ಅಂದಿದ್ದೆ. ನನ್ನ ಹತ್ತಿರ ಇದೆ. ಹನ್ನೆರಡು ವರ್ಷ ದಿನಕ್ಕೆ ಆರು ಗಂಟೆ ಈ ಕಿವಿಯೊಳಗೆ ಓದಿದ್ದೀಯ, ಅದು ಎಲ್ಲಿಗೆ ಹೋಗುತ್ತೆ? ಗಟ್ಟಿಯಾಗಿದೆ. ಒಂದಕ್ಷರವೂ ಬಿಟ್ಟುಹೋಗಿಲ್ಲ.

ಇನ್ನೊಂದು ಮಾತು. ಆಯ್ತು ಅಂತ ನಿನಗೆ ಸುಳ್ಳು ಹೇಳಿಬಿಟ್ಟೆ. ಊಟ ಆಗಿಲ್ಲ. ಭಾನುವಾರ ನಿಮ್ಮನೆಗೇ ಊಟಕ್ಕೆ ಬರ್ತೀನಿ.

ನಿನ್ನ ಅಕ್ಕ